ಲಂಗದ ಎರಡು ಮಡಿಕೆಗಳು

ಆ ಲಂಗದ ಮಡಿಕೆಗಳನ್ನು ಬಿಚ್ಚಿದವಳು ನಾನು. ತಪ್ಪು ಕೊಟ್ರಮ್ಮನವರದಲ್ಲ — ನನ್ನದು. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಇಪ್ಪತ್ತೊಂದು ವರ್ಷ ಹಿಡಿಯಿತು.

ಮಾತು ಗಂಟಲಿಗೆ ಬಂದು ನಿಂತ ದಿನ ಭಾನುವಾರ. ಮರುದಿನದ ಸೋಮವಾರದ ಪೂಜೆಗೆಂದು ಹಿತ್ತಲಲ್ಲಿ ಕುಳಿತು ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಹೊನ್ನಾಳಿಯ ನಮ್ಮ ಮನೆಗೆ ಅಡುಗೆಮನೆ ಎರಡು, ಹಿತ್ತಲು ಒಂದೇ. ಆಚೆ ಕಡೆಯಿಂದ ಸುಮ ಫೋನ್ ಹಿಡಿದುಕೊಂಡೇ ಬಂದಳು. ಸುಮ ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಅವಳ ಮಗಳು ಚೈತ್ರಾಳನ್ನು ನ್ಯಾಮತಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ, ಹೆಣ್ಣುಮಗು. ತೊಟ್ಟಿಲು ಹಾಕಲು ಇನ್ನು ಎಂಟು ದಿನ ಇತ್ತು.

"ಅಮ್ಮ ಆಗಾಕಿಲ್ಲ ಅಂದ್ಲು ಅಕ್ಕ" ಅಂದಳು ಸುಮ.

"ಏನು ಆಗಾಕಿಲ್ಲ?"

"ಕುಂಚಿಗೆ. ಮೊಮ್ಮಗಳ ಕೂಸಿಗೆ ಒಂದು ಕುಂಚಿಗೆ ಹೊಲ್ಕಂಡು ಬಾರೇ ಅಂದೆ. 'ನನ್ನ ಕೈ ಕೂಸುಗಳಿಗೆ ಆಗಿಬರಾಕಿಲ್ಲ ಸುಮಾ, ಅಂಗಡೀಲಿ ತಗಳ್ರಿ' ಅಂತ ಇಟ್ಟೇಬಿಟ್ಲು." ಆಮೇಲೆ ದನಿ ತಗ್ಗಿಸಿ, "ಅದೂ ಒಳ್ಳೇದೇ ಬಿಡು. ಅತ್ತೆ ಮತ್ತೆ ಹಳೇದೆಲ್ಲ ತೆಗೀತಾರೆ" ಎಂದು ಹೊರಟುಹೋದಳು.

ತಲೆಯಿಂದ ಬೆನ್ನಿನವರೆಗೆ ಕೂಸನ್ನು ಮುಚ್ಚುವ ಕುಂಚಿಗೆ ನಮ್ಮಲ್ಲಿ ಬಾಣಂತಿಯ ತಾಯಿಯ ತವರಿನಿಂದಲೇ ಬರಬೇಕು. ಹೆತ್ತ ಮಗಳೇ ತನ್ನ ತಾಯಿಯ ಬಗ್ಗೆ 'ಅದೂ ಒಳ್ಳೇದೇ ಬಿಡು' ಅಂದಳು. ಹಾಗೆ ಅನ್ನುವಂತೆ ಮಾಡಿದ ನಾನು ಅವಳ ಎದುರಿಗೇ ದೀಪ ತಿಕ್ಕುತ್ತ ಕುಳಿತಿದ್ದೆ. ಕೈ ಹುಳಿಯಾಗಿತ್ತು. ದೀಪ ಹೊಳೆಯುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಸುಮಳ ತಾಯಿ ಕೊಟ್ರಮ್ಮನವರು ಜಗಳೂರಿನವರು. ಗಂಡ ಬೇಗ ತೀರಿಕೊಂಡಮೇಲೆ ಪಡಸಾಲೆಯಲ್ಲಿ ಒಂದು ಹೊಲಿಗೆ ಮಿಷನ್ ಹಾಕಿಕೊಂಡು ಸುಮಳನ್ನೂ ಅವಳ ಅಣ್ಣನನ್ನೂ ಬೆಳೆಸಿದರು. ದೊಡ್ಡವರ ಬಟ್ಟೆ ಮುಟ್ಟುತ್ತಿರಲಿಲ್ಲ. ಹುಟ್ಟಿದ ಕೂಸಿನಿಂದ ಐದಾರು ವರ್ಷದ ಮಕ್ಕಳವರೆಗೆ ಮಾತ್ರ. ಸುತ್ತಲ ಹಳ್ಳಿಯ ಬಸುರಿಯರ ತಾಯಂದಿರು ಹಳೆಯ ಪಂಚೆ ಮಡಚಿಕೊಂಡು ಬಂದು ಅವರ ಕಟ್ಟೆಯ ಮೇಲೆ ಕೂರುತ್ತಿದ್ದರಂತೆ. ಹೊಸ ಬಟ್ಟೆ ತಂದವರನ್ನು, "ಇದ್ನ ನೀವು ಉಟ್ಕಳ್ರಿ, ಆರು ತಿಂಗ್ಳು ಆದ್ಮೇಲೆ ತಗಂಡು ಬರ್ರಿ" ಎಂದು ವಾಪಸು ಕಳಿಸುತ್ತಿದ್ದರಂತೆ.

ಅವರಿಗೆ ಅವರದೇ ಕಟ್ಟಳೆಗಳಿದ್ದವು. ಎಳೆಗೂಸಿನ ಅಂಗಿಗೆ ಗುಂಡಿ ಇಡುವುದಿಲ್ಲ, ಮಗ್ಗುಲಿಗೆ ಕಸೆ. ಕುತ್ತಿಗೆಯ ಸುತ್ತ ದಾರ ಬರಲೇಬಾರದು. ಅಂಬೆಗಾಲಿಡುವ ಹುಡುಗಿಗೆ ಲಂಗ ಹೊಲಿದುಕೊಡಿ ಎಂದರೆ ಚಡ್ಡಿ ಹೊಲಿದುಕೊಟ್ಟು ಬೈಸಿಕೊಳ್ಳುತ್ತಿದ್ದರು. ಜರಿ ಇದ್ದರೆ ಒಳಗೆ ಹಳೆಯ ಮೆತ್ತನೆಯ ಬಟ್ಟೆ ಕೊಟ್ಟೇ ಕೊಡುತ್ತಿದ್ದರು. ಚೈತ್ರಾ ಎರಡೂವರೆ ವರ್ಷದವಳಿದ್ದಾಗ ಅತ್ತೆ ಪೇಟೆಯಿಂದ ಒಂದು ಫ್ರಾಕು ತಂದರು. ಬೆಳೆಯುವ ಮಗು, ಇನ್ನೊಂದು ಯುಗಾದಿಗೂ ಆಗಲಿ ಎಂದು ಎರಡು ಅಳತೆ ದೊಡ್ಡದು. ನಾವೆಲ್ಲ ಹಾಗೇ ತರುವವರು. ಕೊಟ್ರಮ್ಮನವರು ಅದನ್ನು ಎತ್ತಿ ಹಿಡಿದು, "ಬೀಗ್ತೀರೆ, ಇದ್ರೊಳಗೆ ನಾನೂ ಹಿಡೀತೀನಿ" ಅಂದರು. ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ.

ನಾನು ಹೇಳಬೇಕಾದದ್ದು ಇದರ ಮರುವರ್ಷದ್ದು.

ನಮ್ಮ ನಾದಿನಿಯ ಮದುವೆ. ಗಂಡಿನ ಕಡೆಯವರು ಚನ್ನಗಿರಿಯವರು, ನಮಗಿಂತ ಅನುಕೂಲಸ್ಥರು. ಚೈತ್ರಾಗೆ ಮೂರೂವರೆ ವರ್ಷ. ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ಅವಳೇ ಆಗಲಿ ಎಂದು ತೀರ್ಮಾನವಾಯಿತು. ಕೊಟ್ರಮ್ಮನವರು ತಮ್ಮದೇ ಒಂದು ರೇಷ್ಮೆ ಸೀರೆ ಕತ್ತರಿಸಿ ಮೊಮ್ಮಗಳಿಗೆ ಲಂಗ ಹೊಲಿದು ತಂದರು — ಅರಿಶಿನದ ಬಣ್ಣ, ಕುಂಕುಮದ ಅಂಚು. ಇಂದಿಗೂ ನಾನು ಅಷ್ಟು ಚಂದದ ಮಕ್ಕಳ ಲಂಗ ನೋಡಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅವರು ಅಡುಗೆಮನೆಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಸುಮ ನೆಂಟರ ಊಟ-ಉಪಚಾರದಲ್ಲಿ ಮುಳುಗಿದ್ದಳು. ಮಗುವಿಗೆ ಅಲಂಕಾರ ಮಾಡುವವಳು ನಾನು.

"ನೀನೇ ಉಡಿಸ್ತೀಯಂತಲ್ಲ ಗಿರಿಜಾ. ಇಲ್ನೋಡು. ಎರಡು ಮಡಿಕೆ ಹಾಕೀನಿ. ಮುಂದಿನ ವರ್ಷ ಒಂದು ಬಿಚ್ರಿ, ಅದರ ಮುಂದಿನ ವರ್ಷ ಇನ್ನೊಂದು. ಈಗ ಮಾತ್ರ ಮುಟ್ಟಬ್ಯಾಡ್ರಿ. ನಡೆಯೋ ಕೂಸಿಗೆ ಕಣಕಾಲು ಕಾಣಬೇಕು."

"ಆತಮ್ಮ" ಅಂದೆ.

ಮಡಿಕೆ ಎಂದರೆ, ಬೆಳೆಯುವ ಮಕ್ಕಳ ಲಂಗಕ್ಕೆ ಅಂಚಿನ ಮೇಲ್ಗಡೆ ಬಟ್ಟೆಯನ್ನು ಎರಡು ಬೆರಳಗಲ ಒಳಕ್ಕೆ ಮಡಚಿ ಸುತ್ತಲೂ ಕೈಹೊಲಿಗೆ ಹಾಕಿರುತ್ತಾರೆ. ಮಗು ಉದ್ದವಾದಂತೆ ಹೊಲಿಗೆ ಬಿಚ್ಚಿದರೆ ಲಂಗವೂ ಉದ್ದವಾಗುತ್ತದೆ. ಇದನ್ನು ನನಗೆ ತೋರಿಸಿ, ನನ್ನೊಬ್ಬಳಿಗೇ ಹೇಳಿದರು.

ಮದುವೆಯ ಬೆಳಿಗ್ಗೆ ಛತ್ರದ ಕೋಣೆಯಲ್ಲಿ ಮಗುವಿಗೆ ಲಂಗ ತೊಡಿಸಿ ದೂರ ನಿಂತು ನೋಡಿದೆ. ಪಾದದ ಮೇಲೆ ನಾಲ್ಕು ಬೆರಳು ಕಾಲು ಕಾಣುತ್ತಿತ್ತು. ಕಾಲ್ಗೆಜ್ಜೆ ಪೂರ್ತಿ ಕಾಣುತ್ತಿತ್ತು. ಗಂಡಿನ ಕಡೆಯ ಒಬ್ಬ ಹೆಂಗಸು ಬಾಗಿಲಲ್ಲಿ ಹಾದುಹೋಗುತ್ತ, "ಬಟ್ಟೆ ಸಾಲ್ದಾತೇನ್ರಿ?" ಎಂದು ನಗೆಯಾಡಿ ಹೋದಳು. ತಮಾಷೆಗೇ ಅಂದಿರಬೇಕು. ನನಗೆ ಮುಖಕ್ಕೆ ಹೊಡೆದಂತಾಯಿತು.

ಆದರೆ ಆ ಹೆಂಗಸಿನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಬಾರದು. ನನಗಿರುವುದು ಇಬ್ಬರು ಗಂಡುಮಕ್ಕಳು. ಒಂದು ಹೆಣ್ಣುಕೂಸಿಗೆ ಅಲಂಕಾರ ಮಾಡಿ ನಾಲ್ಕು ಜನರ ಎದುರು ನಿಲ್ಲಿಸುವ ಆಸೆ — ಇತ್ತು. ಹಿಂದಿನ ದಿನದಿಂದ ಬಂದವರೆಲ್ಲ ಲಂಗ ಮುಟ್ಟಿ ಮುಟ್ಟಿ ಕೊಟ್ರಮ್ಮನವರ ಕೈಯನ್ನು ಹೊಗಳುತ್ತಿದ್ದರು. ಅದು ನನಗೆ ಎಲ್ಲೋ ಚುಚ್ಚುತ್ತಿತ್ತು, ಅದೂ ನಿಜ. ಮಗು ದೇವಿಯ ಹಾಗೆ ಕಾಣಬೇಕು. ದೇವಿಯ ಲಂಗ ನೆಲ ಮುಟ್ಟುತ್ತದೆ. ಗಿರಿಜ ಎಷ್ಟು ಚಂದ ಸಿಂಗರಿಸಿದಳು ಅನ್ನಬೇಕು —

ಲಂಗ ಬಿಚ್ಚಿಸಿದೆ. ಪಿನ್ನಿನಿಂದ ದಾರ ಕಿತ್ತೆ. ಒಂದಲ್ಲ, ಎರಡೂ. ಮಡಿಕೆಯ ಗೆರೆ ಕಾಣಬಾರದೆಂದು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಕಿತ್ತ ದಾರವನ್ನು ಮುಡಿದು ಉಳಿದ ಹೂವಿನ ಕಸದ ಜೊತೆ ಎಸೆದೆ. ಹತ್ತು ನಿಮಿಷದ ಕೆಲಸ. ಮತ್ತೆ ತೊಡಿಸಿದರೆ ಲಂಗ ನೆಲ ಗುಡಿಸುತ್ತಿತ್ತು. ಮಗು ಗಿರ್ರನೆ ಒಂದು ಸುತ್ತು ತಿರುಗಿ, "ದೊಡ್ಡಮ್ಮ, ನಾನು ಮದುಮಗಳು!" ಎಂದಿತು.

ಮುಹೂರ್ತ ಮುಗಿಯಿತು. ಕೊಟ್ರಮ್ಮನವರು ಕೊನೆಯ ಸಾಲಿನಲ್ಲಿದ್ದರು, ಅಷ್ಟು ಜನರ ನಡುವೆ ಅವರಿಗೆ ಲಂಗದ ಅಂಚು ಕಾಣುವಂತಿರಲಿಲ್ಲ. ಮದುಮಕ್ಕಳು ವೇದಿಕೆ ಇಳಿದರು. ಹಿಂದೆ ಚೈತ್ರಾ, ಎರಡೂ ಕೈಯಲ್ಲಿ ಕಳಸ. ವೇದಿಕೆಗೆ ನಾಲ್ಕೇ ಮೆಟ್ಟಿಲು. ನಾವು ಹೆಂಗಸರು ಮೆಟ್ಟಿಲು ಇಳಿಯುವಾಗ ನಮಗೆ ಅರಿವಿಲ್ಲದೆ ಸೀರೆಯ ನೆರಿಗೆಯನ್ನು ಎತ್ತಿ ಹಿಡಿಯುತ್ತೇವೆ. ಮೂರೂವರೆ ವರ್ಷದ ಕೂಸಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅವಳ ಕೈ ಖಾಲಿ ಇರಲಿಲ್ಲ. ಎರಡನೆಯ ಮೆಟ್ಟಿಲಲ್ಲಿ ಅಂಚು ಅವಳ ಪಾದದ ಕೆಳಗೆ ಸಿಕ್ಕಿತು. ನಾನು ನೋಡುತ್ತಿದ್ದೆ. ಅಂಚು ಸಿಕ್ಕಿದ್ದು ಕಂಡಿತು, ಕೂಗುವಷ್ಟರಲ್ಲಿ —

ಕಳಸದ ಮೇಲೆಯೇ ಬಿದ್ದಳು. ಎಡ ಮೊಣಕೈ ಮುರಿಯಿತು. ದಾವಣಗೆರೆಯಲ್ಲಿ ಮೂಳೆ ಕೂಡಿಸಿದರು. ಕೂಡಿತು, ಆದರೆ ಆ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಜಡೆ ಹೆಣೆದುಕೊಳ್ಳುವಾಗ ಅವಳು ತಲೆಯನ್ನೇ ಕೈಯ ಕಡೆಗೆ ವಾಲಿಸುತ್ತಾಳೆ.

ಮೂರನೆಯ ದಿನ ಪಟ್ಟಿ ಕಟ್ಟಿದ ಮಗುವನ್ನು ಮನೆಗೆ ತಂದೆವು. ನಡುಮನೆಯಲ್ಲಿ ನೆಂಟರು ಇನ್ನೂ ಇದ್ದರು. ಮದುವೆಯಲ್ಲಿ ಕಳಸ ಉರುಳಿತಲ್ಲ ಎಂಬ ಸಂಕಟ ಅತ್ತೆಗೆ ಬೇರೆ ಇತ್ತು. ಒಗೆದು ಒಣಗಿಸಿದ್ದ ಲಂಗವನ್ನು ತಂದು ಕೊಟ್ರಮ್ಮನವರ ಎದುರು ಎಸೆದರು.

"ಬೀಗ್ತೀರೆ, ನಾ ತಂದ ಫ್ರಾಕಿಗೆ ಊರೆಲ್ಲ ನಗಂಗೆ ಅಂದ್ರಲ್ಲ. ಇದೇನ್ರಿ ಇದು? ಕೂಸಿನ ಅಳತೆ ಗೊತ್ತಿಲ್ದೋರು ಮಿಷನ್ ಯಾಕೆ ತುಳೀತೀರಿ?"

"ನಾನು ಎರಡು ಮಡಿಕೆ ಹಾಕಿದ್ದೆ ರೀ" ಅಂದರು ಅವರು.

"ಎಲ್ಲಿ ಐತೆ? ತೋರ್ಸ್ರಿ."

ಅವರು ಲಂಗ ಎತ್ತಿಕೊಂಡರು. ಅಂಚಿನ ಮೇಲೆ ಬೆರಳಾಡಿಸುತ್ತ ಸುತ್ತ ಬಂದರು, ಮತ್ತೊಮ್ಮೆ ಸುತ್ತ ಬಂದರು. ಆಮೇಲೆ ತಲೆ ಎತ್ತಿ ನನ್ನ ಕಡೆ ತಿರುಗಿದರು. ಆ ಕಣ್ಣಲ್ಲಿ ಅನುಮಾನ ಇರಲಿಲ್ಲ. ಸಹಾಯಕ್ಕಾಗಿ ನೋಡಿದರು, ಅಷ್ಟೇ.

"ಗಿರಿಜಾ, ನಿಂಗೆ ತೋರ್ಸಿದ್ನಲ್ಲ? ಅಡಿಗಿ ಮನ್ಯಾಗೆ?"

ನಾನು ಅಂದೆ: "ನಾ ನೋಡ್ಲಿಲ್ಲಮ್ಮ."

ಎರಡೇ ಶಬ್ದ. ಹಣೆಯಲ್ಲಿ ವಿಭೂತಿ ಇತ್ತು. ಆಗಷ್ಟೇ ಪೂಜೆ ಮುಗಿಸಿ ಬಂದಿದ್ದೆ. ಹೆದರಿ ಅಂದೆ ಎಂದರೆ ಅದು ಪೂರ್ತಿ ನಿಜವಲ್ಲ. ಹೆದರಿದವರಿಗೆ ಮಾತು ಬರುವುದಿಲ್ಲ. ನನಗೆ ಎಷ್ಟು ಸರಾಗವಾಗಿ ಬಂತೆಂದರೆ —

ಕೊಟ್ರಮ್ಮನವರು ನನ್ನನ್ನು ದುರುಗುಟ್ಟಿ ನೋಡಿದ್ದರೆ, ಸುಳ್ಳಿ ಎಂದಿದ್ದರೆ, ಬಹುಶಃ ನಾನು ಆಗಲೇ ಕುಸಿಯುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ತಮ್ಮ ಬೆರಳುಗಳನ್ನು ನೋಡಿಕೊಂಡರು. "ಗಿರಿಜಾ ಸುಳ್ಳು ಹೇಳೋ ಹೆಂಗ್ಸಲ್ಲ" ಅಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಹಾಕಿದ್ದೆ ಅನ್ಕಂಡೆ. ಮರ್ತ್ನೇನೋ."

ಅಂದೇ ಸಂಜೆ ಬಸ್ಸಿಗೆ ಜಗಳೂರಿಗೆ ಹೋದರು. ಹಬ್ಬಕ್ಕೆ ಕರೆದರೆ ಏನೋ ನೆಪ ಹೇಳುತ್ತಿದ್ದರು. ಮಕ್ಕಳ ಬಟ್ಟೆ ಹೊಲಿಯುವುದನ್ನು ಬಿಟ್ಟರು, ಬರೀ ದಿಂಬಿನ ಚೀಲ, ಕೈಚೀಲ. ಕೆಲವು ವರ್ಷದ ಮೇಲೆ ಸುಮ ಒಂದು ಸುದ್ದಿ ಹೇಳಿದಳು. ಕೊಟ್ರಮ್ಮನವರು ತಾವಾಗಿಯೇ ಕಣ್ಣಿನ ಆಸ್ಪತ್ರೆಗೆ ಹೋಗಿದ್ದರಂತೆ. ಡಾಕ್ಟರು, "ನಿಮ್ಮ ಕಣ್ಣು ಚೆನ್ನಾಗಿ ಐತಲ್ಲಮ್ಮ" ಅಂದರಂತೆ. "ಹಂಗಾರೆ ಕೆಟ್ಟಿರೋದು ನನ್ನ ತಲೀನೇ" ಎಂದು ಇವರು ಎದ್ದು ಬಂದರಂತೆ. ಸುಮ ಇದನ್ನು ನಗುತ್ತ ಹೇಳಿದಳು. ನಾನು ಒಳಗೆ ಹೋಗಿ ದೇವರ ಮುಂದೆ ಕುಳಿತೆ.

ದೇವರ ಮುಂದೆ ನಾನು ಎಷ್ಟು ಸಲ ಕುಳಿತೆನೋ ಲೆಕ್ಕವಿಲ್ಲ. ಶಿವನಿಗೆ ಎಲ್ಲ ಹೇಳಿದ್ದೇನೆ, ಒಂದೂ ಮುಚ್ಚಿಟ್ಟಿಲ್ಲ. ಸೋಮವಾರ ಉಪವಾಸ ಹಿಡಿದೆ. ಮಗುವಿನ ಹೆಸರಲ್ಲಿ ಅಭಿಷೇಕ ಮಾಡಿಸಿದೆ. ನನಗೆ ಒಂದು ಅಭ್ಯಾಸ — ಏನಾದರೂ ಕೆಟ್ಟದಾದರೆ ಅದರಲ್ಲಿ ದೇವರು ಉಳಿಸಿದ್ದು ಏನೆಂದು ಹುಡುಕುವುದು. ತಲೆಗೆ ಪೆಟ್ಟಾಗಲಿಲ್ಲ, ದೊಡ್ಡದು. ಬಲಗೈ ಅಲ್ಲ, ಎಡಗೈ. ಶಾಲೆಯಲ್ಲಿ ಚೆನ್ನಾಗಿ ಬರೆದಳು. ಒಳ್ಳೆಯ ಗಂಡ ಸಿಕ್ಕ. ಹೀಗೆ ಒಂದೊಂದನ್ನೇ ಎಣಿಸಿ ಕೈಮುಗಿಯುತ್ತ ಬಂದೆ. ಅದು ಭಕ್ತಿಯೇ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ನಾನು ದೇವರಿಗೆ ಹೇಳಿದ್ದು ಅವನು ಯಾರಿಗೂ ಹೇಳುವುದಿಲ್ಲವೆಂಬ ಧೈರ್ಯದಿಂದ.

ಭಾನುವಾರ ದೀಪಗಳನ್ನು ಹಾಗೇ ಬಿಟ್ಟು ಎದ್ದೆ. ಮಂಗಳವಾರ ಬೆಳಿಗ್ಗೆ, ಜಗಳೂರಿಗೆ ಹೋಗಿ ಕೊಟ್ರಮ್ಮನವರನ್ನು ತೊಟ್ಟಿಲಿಗೆ ಕರೆದು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ವಾಪಸು ಬರುವ ಬಸ್ಸು ಪಕ್ಕದಲ್ಲೇ ನಿಂತಿತ್ತು. ಅದನ್ನು ಹತ್ತುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕೊಟ್ರಮ್ಮನವರು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಎಪ್ಪತ್ತೆಂಟಾಗಿದೆ, ಸಣ್ಣಗಾಗಿದ್ದಾರೆ. "ಓ, ಹೊನ್ನಾಳಿಯೋರು! ಬಾ ತಾಯಿ, ಬಾ" ಎಂದು ಎದ್ದರು. ಪಡಸಾಲೆಯಲ್ಲಿ ಮಿಷನ್ ಹಾಗೇ ಇತ್ತು. ಮೇಲೆ ಹಾಸಿದ ಬಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಗಳು.

ನೀರು ಕುಡಿಯುವ ಮೊದಲೇ ಹೇಳಿಬಿಟ್ಟೆ. ಕುಡಿದರೆ ಹೇಳಲಾರೆ ಅನ್ನಿಸಿತು. "ಅಮ್ಮ, ನೀವು ಮಡಿಕೆ ಹಾಕಿದ್ರಿ. ನಂಗೆ ತೋರ್ಸಿದ್ರಿ. ಬಿಚ್ಚಿದ್ದು ನಾನು."

ಅವರು ಅವರೆಕಾಯಿ ಸುಲಿಯುತ್ತಲೇ ಇದ್ದರು. ಆಮೇಲೆ ಸಣ್ಣಗೆ ನಕ್ಕರು. "ಸುಮ ಕಳ್ಸಿದ್ಲಾ?"

"ಇಲ್ಲಮ್ಮ —"

"ಒಂದು ಕುಂಚಿಗೆ ಹೊಲ್ಸಾಕೆ ಇಷ್ಟು ದೂರ ಬಂದು ಇಂಥ ಮಾತು ಹೇಳ್ತಾರೇನೇ? ನಿಂದು ದೊಡ್ಡ ಮನಸು. ಮುದುಕಿ ನೊಂದೈತೆ ಅಂತ ನೀನು ತಪ್ಪು ಹೊತ್ಕಂಡ್ರೆ, ಆ ಪಾಪ ನಾನು ಎಲ್ಲಿ ಇಡ್ಲಿ?"

ಇದನ್ನು ನಾನು ಎಣಿಸಿಯೇ ಇರಲಿಲ್ಲ. ಬೈಯುತ್ತಾರೆ, ಅಳುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ ಎಂದೆಲ್ಲ ಎಣಿಸಿದ್ದೆ. ಅವರು ನಂಬಲೇ ಇಲ್ಲ. ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದವರು, ನಿಜ ಹೇಳಿದರೆ ನಂಬುತ್ತಿಲ್ಲ. ನಾನು ಒಳ್ಳೆಯವಳೆಂದು ಅವರು ಅಷ್ಟು ಗಟ್ಟಿಯಾಗಿ ನಂಬಿಕೊಂಡಿದ್ದರು. ಆ ನಂಬಿಕೆ ಉಳಿಯಲೆಂದು ತಮ್ಮ ಕೈಯನ್ನೇ ಬಿಟ್ಟುಕೊಟ್ಟಿದ್ದರು.

"ಆಣೆ ಮಾಡ್ಲೇನಮ್ಮ?"

"ಆಣೆ ಬ್ಯಾಡ." ಅವರ ಕೈ ನಿಂತಿತು. "ದಾರ ಯಾವ ಬಣ್ಣ?" ಅಂದರು.

"ಅರಿಶಿನದ್ದು."

"ಅದು ಯಾರು ಬೇಕಾದ್ರೂ ಹೇಳ್ತಾರೆ. ಲಂಗದ ಬಣ್ಣ ಅದೇ."

ಕಣ್ಣು ಮುಚ್ಚಿದೆ. ಆ ಕೋಣೆ, ಮಂಚದ ಮೇಲೆ ಹರಡಿದ ಲಂಗ, ನನ್ನ ಪಿನ್ನು. "ಪೂರ್ತಿ ಅರಿಶಿನದ್ದಲ್ಲ" ಅಂದೆ. "ಮೇಲಿನ ಮಡಿಕೇಲಿ ಕೊನೆಗೆ ಒಂದು ಗೇಣಿನಷ್ಟು ಹಸಿರು ದಾರ ಇತ್ತು. ಅದು ಗಟ್ಟಿ ಇತ್ತು, ಬೇಗ ಬರ್ಲಿಲ್ಲ. ಹಲ್ಲಿಂದ ಕಡ್ದೆ."

ಮಡಿಲಲ್ಲಿದ್ದ ಕಾಳುಗಳು ಕೆಳಗೆ ಚೆಲ್ಲಿದವು. ಅವರು ಎತ್ತಿಕೊಳ್ಳಲಿಲ್ಲ.

"ಅರಿಶಿನದ್ದು ಮುಗ್ದಿತ್ತು" ಅಂದರು ಮೆಲ್ಲಗೆ. "ಅಂಗಡಿ ಮುಚ್ಚಿತ್ತು. ಹಸಿರು ಹಾಕ್ದೆ, ಹೆಂಗೂ ಬಿಚ್ಚೋ ಹೊಲಿಗೆ ಅಲ್ವಾ ಅಂತ. ಅದು ನೆಪ್ಪೈತೆ ನಂಗೆ. ಇಷ್ಟು ವರ್ಷ ನಾನು ಅಂದ್ಕಂಡಿದ್ದು, ಅದು ಬೇರೆ ಯಾವುದೋ ಲಂಗ ಇರ್ಬೇಕು, ಮುದಿ ತಲೆ ಕಲಸಿ ಹೇಳ್ತೈತೆ ಅಂತ..."

ಆಮೇಲೆ ಅವರು ನನ್ನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ.

"ಕೂಸಿನ ಕೈ ಮುರೀತಲ್ಲ, ಅದು ಯಾರ ಕೈಲಾದ್ರೂ ಆಗೋದು. ನೀನು ಬೇಕಂತ ಮಾಡ್ಲಿಲ್ಲ. ಆದ್ರೆ ನಾನು ನಿನ್ನ ಮುಖ ನೋಡಿ ಕೇಳಿದ್ನಲ್ಲೇ ಗಿರಿಜಾ. ನೀನೂ ನನ್ನ ಮುಖ ನೋಡೇ ಹೇಳ್ದೆ."

ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಎಳೆದುಕೊಂಡರು. "ಇಲ್ಲಿ, ಯಾರೂ ಇಲ್ದಲ್ಲಿ ಹೇಳಿದ್ರೆ ಏನು ಬಂತು? ಅವತ್ತು ನಡುಮನೆ ತುಂಬ ಜನ ಇದ್ರು. ತೊಟ್ಟಿಲಿಗೆ ಬರ್ತೀನಿ. ಎಲ್ಲಾರ ಎದ್ರಿಗೆ ಹೇಳು. ಹೇಳಾಕೆ ಆಗ್ಲಿಲ್ಲ ಅಂದ್ರೆ ನನ್ನ ಕರೀಬ್ಯಾಡ."

ಉಳಿದ ಐದು ದಿನ ಯಾರಿಗೂ ಏನೂ ಹೇಳಲಿಲ್ಲ. ಅಕ್ಕಿ ಆರಿಸಿದೆ, ಗುಗ್ಗರಿಗೆ ಕಡಲೆ ನೆನೆಹಾಕಿದೆ. ನನ್ನ ಗಂಡನಿಗೂ ಹೇಳಲಿಲ್ಲ. ಹೇಳಿದ್ದರೆ ಅವರು ಈಗ ಯಾಕೆ ಬೇಕಿತ್ತು ಅನ್ನುತ್ತಿದ್ದರು; ನಾನು ಅದನ್ನು ಕೇಳಿಬಿಡುತ್ತಿದ್ದೆ.

ತೊಟ್ಟಿಲ ದಿನ ಅದೇ ನಡುಮನೆ. ನ್ಯಾಮತಿಯ ಬೀಗರು, ಚನ್ನಗಿರಿಯಿಂದ ನಾದಿನಿ, ಓಣಿಯ ಹೆಂಗಸರು. ಎಂಬತ್ತಾರರ ಅತ್ತೆ ಗೋಡೆಗೆ ಒರಗಿ ಕುರ್ಚಿಯಲ್ಲಿ. ಕೊಟ್ರಮ್ಮನವರು ಬಾಗಿಲ ಹತ್ತಿರವೇ ಕುಳಿತರು. ಇನ್ನೇನು ಮಗುವನ್ನು ತೊಟ್ಟಿಲಿಗೆ ಹಾಕಬೇಕು. "ಒಂದು ನಿಮಿಷ ತಡೀರಿ" ಅಂದೆ. ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು.

ಬೆಳೆಸಿ ಹೇಳಲಿಲ್ಲ. ಕೊಟ್ರಮ್ಮನವರು ಮಡಿಕೆ ಹಾಕಿದ್ದರು, ಬಿಚ್ಚಬೇಡ ಎಂದು ನನಗೆ ಹೇಳಿದ್ದರು, ನಾನು ಬಿಚ್ಚಿದೆ, ಕೇಳಿದಾಗ ನೋಡಲಿಲ್ಲ ಎಂದು ಸುಳ್ಳು ಹೇಳಿದೆ. ಅಷ್ಟೇ.

ಅತ್ತೆಗೆ ಕಿವಿ ಮಂದ. "ಏನಂತೆ? ಏನಂತೆ?" ಎಂದು ನಾದಿನಿಯನ್ನು ಕೇಳಿದರು. ಅವಳು ಕಿವಿಯ ಹತ್ತಿರ ಬಾಗಿ ಹೇಳಿದಳು. ಅತ್ತೆ ಬಾಯಿ ತೆರೆದುಕೊಂಡೇ ನನ್ನನ್ನು ನೋಡಿ, "ಅವತ್ತು ನಿನ್ನ ಬಾಯಾಗೆ ಏನಿತ್ತೇ, ಅವಲಕ್ಕಿನಾ?" ಅಂದರು. ಯಾರೋ ನಕ್ಕು, ಅಲ್ಲಿಗೇ ತಡೆದುಕೊಂಡರು. ಅತ್ತೆ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು; ಆಗಲಿಲ್ಲ. ಕುಳಿತಲ್ಲಿಂದಲೇ ಎರಡು ಕೈ ಜೋಡಿಸಿ ಬಾಗಿಲ ಕಡೆ ಹಿಡಿದರು. "ಬೀಗ್ತೀರೆ, ನಾನು ಬಾಳ ಅಂದುಬಿಟ್ಟೆ ರೀ."

"ನೀವು ಕಂಡಿದ್ದು ಅಂದ್ರಿ ಬಿಡ್ರಿ" ಅಂದರು ಕೊಟ್ರಮ್ಮ.

ನಾನು ಚೈತ್ರಾಳ ಕಡೆ ನೋಡಿದೆ. ಮಗು ಅವಳ ಎಡಗೈಯಲ್ಲಿತ್ತು. ಆ ಕೈ ನೆಟ್ಟಗೆ ಚಾಚಲು ಬಾರದು, ಮಗು ಹಿಡಿಯಲು ಬರುತ್ತದೆ. ಅವಳು ಬೈದರೆ ಸಾಕು ಎಂದು ಕಾಯುತ್ತಿದ್ದೆ.

"ಕೈ ಮಾತು ಬಿಡು ದೊಡ್ಡಮ್ಮ" ಅಂದಳು. "ಇದು ಹೆಂಗಿತ್ತು ಅಂತಲೂ ನಂಗೆ ನೆಪ್ಪಿಲ್ಲ. ನಾನು ಚಿಕ್ಕೋಳಿದ್ದಾಗ ಅಜ್ಜಿಗೆ 'ನಿನ್ನ ಲಂಗದಿಂದಲೇ ನಂಗೆ ಹಿಂಗಾತು' ಅಂದಿದ್ದೆ. ರಜಕ್ಕೆ ಕರೆಯಾಕೆ ಬಂದಿದ್ರು. ಆಮೇಲೆ ಒಂದು ರಜಕ್ಕೂ ಜಗಳೂರಿಗೆ ಹೋಗ್ಲಿಲ್ಲ." ಅವಳ ದನಿ ಒಡೆಯಿತು. "ಅಷ್ಟು ರಜಗಳ್ನ ಯಾರು ಕೊಡ್ತಾರೆ ನಂಗೆ?"



ಆಗ ಕೊಟ್ರಮ್ಮನವರು ಎದ್ದು ಒಳಗೆ ಬಂದರು. ಮೊಮ್ಮಗಳ ತಲೆ ಮುಟ್ಟಿದರು. ಕೂಸನ್ನು ಎತ್ತಿಕೊಳ್ಳಲು ಹೋಗಿ, ಅದಕ್ಕೆ ಹಾಕಿದ್ದ ಹೊಸ ಫ್ರಾಕನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಬಲೆಬಟ್ಟೆಯ ಜಾಲರಿ, ಎದೆಯ ಮೇಲೆ ಮಣಿಗಳು, ಕುತ್ತಿಗೆಗೆ ರಿಬ್ಬನ್ನು. ನನ್ನ ಸೊಸೆಯೇ ಆಸೆಪಟ್ಟು ತಂದದ್ದು.

"ಇದ್ನ ಯಾರು ತಂದೋರು?" ಅಂದರು. ಆ ದನಿಯನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. "ಇಷ್ಟೇ ಇಷ್ಟು ಕೂಸಿಗೆ ಮಣಿ ಯಾಕ್ರೀ? ಬಾಯಿಗೆ ಹೋಗ್ತಾವೆ. ಈ ರಿಬ್ಬನ್ ಬಿಚ್ರಿ ಮೊದ್ಲು. ಬೆನ್ನು ನೋಡ್ರಿ, ಹೆಂಗೆ ಕೆಂಪಗಾಗೈತೆ. ಒಂದು ಹಳೇ ಪಂಚೆ ಇಲ್ವೇನ್ರೀ ಈ ಮನ್ಯಾಗೆ?"

"ಕುಂಚಿಗೆ ಹೊಲೀರಿ ಅಜ್ಜಿ ಹಂಗಾರೆ" ಎಂದರು ನ್ಯಾಮತಿಯ ಬೀಗತಿ.

"ಕೈ ನಡುಗ್ತಾವೆ ತಾಯಿ, ಇನ್ನು ಹೊಲಿಯಾಕೆ ಆಗಾಕಿಲ್ಲ. ಹೆಂಗೆ ಕತ್ತರಿಸ್ಬೇಕು ಅಂತ ಬೇಕಾದ್ರೆ ಹೇಳ್ತೀನಿ."

ಹಳೆಯ ಪಂಚೆ ಬಂತು, ಕತ್ತರಿ ಬಂತು. ಓಣಿಯ ಹೆಂಗಸರು ಸುತ್ತ ಕುಳಿತರು. ಒಬ್ಬಳು ತನ್ನ ಎರಡು ವರ್ಷದ ಮಗಳನ್ನು ಮುಂದೆ ತಂದು, ಇವಳಿಗೆ ಎಂಥದ್ದು ಹಾಕಲಿ ಎಂದು ಕೇಳಿದಳು. ಅವರು ಮಗುವನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ ಹೇಳಿದರು. ಚೈತ್ರಾ ಅಜ್ಜಿಯ ತೋಳಿಗೆ ಒತ್ತಿಕೊಂಡು ಕುಳಿತಿದ್ದಳು. ನನಗೆ ಅಲ್ಲಿ ಜಾಗ ಇರಲಿಲ್ಲ, ಇರಬಾರದು ಕೂಡ.

ಸುಮ ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಹನ್ನೊಂದು ದಿನವಾಯಿತು. ಹಿತ್ತಲಿನ ಬಾಗಿಲನ್ನು ಅವಳ ಕಡೆಯಿಂದ ಹಾಕಿಕೊಳ್ಳುತ್ತಾಳೆ. ತಾಯಿಯ ಮೇಲೆ ತಾನೂ ಅಷ್ಟು ವರ್ಷ ಬೇಸರ ಇಟ್ಟುಕೊಂಡದ್ದು ಅವಳನ್ನು ಸುಡುತ್ತಿರಬೇಕು. ಅದನ್ನೂ ನಾನೇ ಹಚ್ಚಿದ್ದು. ನನ್ನ ಗಂಡ, ಹೇಳದೇ ಇದ್ದರೆ ಏನಾಗುತ್ತಿತ್ತು ಎಂದು ಎರಡು ಸಲ ಕೇಳಿದರು. ಕೊಟ್ರಮ್ಮನವರು ಇನ್ನೂ ಇಲ್ಲೇ ಇದ್ದಾರೆ, ಬಾಣಂತನ ಮುಗಿಸಿಯೇ ಹೋಗುತ್ತಾರಂತೆ. ಎದುರು ಸಿಕ್ಕರೆ "ಊಟ ಆತಾ?" ಎನ್ನುತ್ತಾರೆ. ಗಿರಿಜಾ ಎಂದು ಹೆಸರು ಹಿಡಿದು ಕರೆಯುವುದಿಲ್ಲ. ಮುಂದೆ ಕರೆಯುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಕೇಳುವ ಬಾಯಿ ನನಗಿಲ್ಲ.

ಸುಮ ಬಾಗಿಲು ಹಾಕಿಕೊಂಡರೂ ಬಚ್ಚಲ ಒಲೆ ಇರುವುದು ನಮ್ಮ ಕಡೆಗೆ. ಎಂಟು ಗಂಟೆಗೆ ಬಾಣಂತಿಗೂ ಕೂಸಿಗೂ ಎರೆಯಬೇಕು. ಹಂಡೆಗೆ ನೀರು ತುಂಬಿಸಿ ಆಗಿದೆ. ಉರಿ ಹಚ್ಚಬೇಕು, ಏಳುತ್ತೇನೆ.